ಹದಿನೈದು ಪದ, ಐದು ಸುತ್ತು: ಕಲಿಕೆಯ ದಕ್ಷತೆ ಅಳೆಯುವುದು ಹೇಗೆ?

15 ಪದಗಳ ಪಟ್ಟಿಯನ್ನು ಐದು ಸಲ ಓದುವುದು, ಪ್ರತಿ ಸಲವೂ ನೆನಪಿಗೆ ಬಂದದ್ದನ್ನು ಹೇಳಿಸುವುದು. ಕೇಳಿದ ಪದಗಳನ್ನು ಕಲಿತು ನೆನಪಿಡುವ ಶಕ್ತಿಯನ್ನು ಅಳೆಯುವ ರೇ ಆಡಿಟರಿ ವರ್ಬಲ್ ಲರ್ನಿಂಗ್ ಟೆಸ್ಟ್‌ನ ಮೊದಲ ಭಾಗ ಇಷ್ಟೇ. ಕಷ್ಟವಿರುವುದು ಸುತ್ತಿನಿಂದ ಸುತ್ತಿಗೆ ಆದ ಕಲಿಕೆಯನ್ನು ಸರಿಯಾಗಿ ಲೆಕ್ಕ ಹಾಕುವುದರಲ್ಲಿ.

ಎದುರಿಗಿರುವವರಿಗೆ ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸೆಕೆಂಡಿಗೆ ಒಂದು ಪದದಂತೆ, ಏರಿಳಿತವಿಲ್ಲದ ದನಿಯಲ್ಲಿ, ಐದೂ ಸಲ ಅದೇ ಕ್ರಮದಲ್ಲಿ ಓದಿ. ಎರಡೆರಡು ಪದ ಜೋಡಿಸಿ ರಾಗ ಎಳೆದರೆ, ಗುಂಪು ಮಾಡಿಕೊಳ್ಳುವ ಕೆಲಸವನ್ನು ನೀವೇ ಮಾಡಿಕೊಟ್ಟಂತೆ.

ಎರಡನೇ ಸುತ್ತಿಗೆ ಮುಂಚೆ ಹೇಳಬೇಕಾದ ಮಾತು: ‘ಅದೇ ಪಟ್ಟಿ ಮತ್ತೆ ಓದುತ್ತೇನೆ. ಹೋದ ಸಲ ಹೇಳಿದ ಪದಗಳನ್ನೂ ಸೇರಿಸಿ, ನೆನಪಾದದ್ದನ್ನೆಲ್ಲ ಹೇಳಿ. ಕ್ರಮ ಹೇಗಿದ್ದರೂ ಪರವಾಗಿಲ್ಲ.’ ಇದನ್ನು ಬಿಟ್ಟರೆ ಕೆಲವರು ಹೊಸ ಪದಗಳನ್ನಷ್ಟೇ ಹೇಳುತ್ತಾರೆ. ಅಂಕ ಇಳಿಯುತ್ತದೆ, ನೆನಪೇ ಕೈಕೊಟ್ಟಂತೆ ಕಾಣುತ್ತದೆ. ಹೇಳಿದ್ದೆಲ್ಲವನ್ನೂ ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ಒಂದೇ ಸುತ್ತಿನಲ್ಲಿ ಎರಡು ಸಲ ಬಂದ ಪದಕ್ಕೆ ಒಂದೇ ಅಂಕ. ಪಟ್ಟಿಯಲ್ಲಿಲ್ಲದ ಪದಕ್ಕೆ ಅಂಕವಿಲ್ಲ, ಆದರೆ ಅದನ್ನು ಬೇರೆಯಾಗಿ ಗುರುತಿಸಿಡಿ.

ಈಗ ಲೆಕ್ಕ. ಒಬ್ಬರ ಅಂಕ 4, 6, 8, 9, 10. ಇನ್ನೊಬ್ಬರದು 9, 11, 12, 13, 14 ಎಂದಿಟ್ಟುಕೊಳ್ಳಿ. ಐದನೇ ಸುತ್ತಿನಿಂದ ಮೊದಲನೆಯದನ್ನು ಕಳೆದರೆ ಮೊದಲಿನವರಿಗೆ 6, ಎರಡನೆಯವರಿಗೆ 5. ಹೀಗೆ ನೋಡಿದರೆ ಮೊದಲಿನವರೇ ಚೆನ್ನಾಗಿ ಕಲಿತರು ಎನ್ನಬೇಕಾಗುತ್ತದೆ! ಒಟ್ಟು ಅಂಕದಿಂದ ಮೊದಲ ಸುತ್ತಿನ ಐದು ಪಟ್ಟನ್ನು ಕಳೆಯುವ ಕ್ರಮದಲ್ಲೂ ಇದೇ ಎಡವಟ್ಟು: 37ರಲ್ಲಿ 20 ಕಳೆದು 17, 59ರಲ್ಲಿ 45 ಕಳೆದು 14. ಮೊದಲ ಸಲವೇ 9 ಪದ ಹಿಡಿದವರಿಗೆ ಮುಂದೆ ಏರಲು ಉಳಿದದ್ದೇ 6. ಮೇಲಿನ ಮಿತಿಯನ್ನು ಲೆಕ್ಕಕ್ಕೆ ತಾರದೆ ಕಳೆಯುವುದು ಚೆನ್ನಾಗಿ ಶುರು ಮಾಡಿದವರಿಗೆ ಅನ್ಯಾಯ.

ಆದ್ದರಿಂದ ಕಲಿಕೆಯ ಅನುಪಾತವನ್ನೇ ತೆಗೆಯುವುದು ವಾಸಿ. ಎರಡರಿಂದ ಐದನೇ ಸುತ್ತಿನವರೆಗಿನ ಅತಿ ಹೆಚ್ಚಿನ ಅಂಕದಿಂದ ಮೊದಲ ಸುತ್ತಿನ ಅಂಕ ಕಳೆಯಿರಿ. ಬಂದದ್ದನ್ನು, 15ರಿಂದ ಮೊದಲ ಸುತ್ತಿನ ಅಂಕ ಕಳೆದಾಗ ಉಳಿಯುವ ಸಂಖ್ಯೆಯಿಂದ ಭಾಗಿಸಿ. ಮೊದಲಿನವರಿಗೆ 6/11, ಅಂದರೆ 0.55, ಎರಡನೆಯವರಿಗೆ 5/6, ಅಂದರೆ 0.83. ಕಲಿಯಲು ಬಾಕಿಯಿದ್ದದ್ದರಲ್ಲಿ ಎಷ್ಟು ಪಾಲು ಕಲಿತರು ಎಂಬುದು ಈಗ ಸ್ಪಷ್ಟ. ಮೊದಲ ಸುತ್ತಿನಲ್ಲೇ 15 ಬಂದರೆ ಭಾಜಕ ಸೊನ್ನೆಯಾಗುವುದರಿಂದ ಅನುಪಾತ ಸಿಗದು. ಮೊದಲ ಅಂಕ 13 ಅಥವಾ 14 ಇದ್ದಾಗಲೂ ಒಂದೇ ಪದದ ವ್ಯತ್ಯಾಸಕ್ಕೆ ಅನುಪಾತ ಜಿಗಿದುಬಿಡುತ್ತದೆ, ಅದನ್ನು ನೆಚ್ಚಬೇಡಿ.

ಅನುಪಾತವೊಂದನ್ನೇ ಹಿಡಿದು ತೀರ್ಮಾನಕ್ಕೆ ಬರಬಾರದು. ಖಿನ್ನತೆ, ನಿದ್ದೆಗೇಡು, ಗಮನದ ಕೊರತೆ ಯಾವುದಿದ್ದರೂ ಅದು ತಗ್ಗಬಹುದು. ಐದು ಸುತ್ತು ಮುಗಿದ ಮೇಲೆ ಬೇರೆ ಪದಗಳ ಎರಡನೇ ಪಟ್ಟಿ ಓದಿ ಹೇಳಿಸಿ, ಕೂಡಲೇ ಮೊದಲ ಪಟ್ಟಿಯನ್ನು ಓದದೆಯೇ ಕೇಳಿ, 20ರಿಂದ 30 ನಿಮಿಷ ಬಿಟ್ಟು ಮತ್ತೊಮ್ಮೆ ಕೇಳಿದಾಗ ಬರುವ ಅಂಕವನ್ನೂ ಪಕ್ಕದಲ್ಲಿಟ್ಟು ನೋಡಿ. ಆ ಬಿಡುವಿನಲ್ಲಿ ಪದಗಳ ಇನ್ನೊಂದು ಪರೀಕ್ಷೆ ಮಾಡಿದರೆ ಎರಡೂ ಕಲಸಿಹೋಗುತ್ತವೆ. ಕೆಲವು ತಿಂಗಳ ನಂತರ ಮರುಪರೀಕ್ಷೆಯಿದ್ದರೆ ಪರ್ಯಾಯ ಪಟ್ಟಿ ಬಳಸಿ. ಹೋಲಿಕೆಗೆ ಅದೇ ಭಾಷೆಯ, ಅದೇ ವಯಸ್ಸಿನ, ಅಷ್ಟೇ ಓದಿದವರ ಮಾನದಂಡ ಬೇಕು. ಅನುವಾದಿಸಿದ ಪಟ್ಟಿಯಲ್ಲಿ ಪದಗಳ ಉದ್ದ, ಬಳಕೆ ಎರಡೂ ಬದಲಾಗಿರುವುದರಿಂದ ಮೂಲ ಪಟ್ಟಿಯ ಮಾನದಂಡ ಅದಕ್ಕೆ ಹೊಂದುವುದಿಲ್ಲ.