ಸೂತ್ರಕ್ಕಿಂತ ಮೊದಲು ಗೀಟು ಎಳೆಯಿರಿ

ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಪ್ರತಿ ವರ್ಷ ಒಂದೇ ತಪ್ಪು ಕಾಣುತ್ತೇನೆ. ಷರತ್ತುಬದ್ಧ ಸಂಭವನೀಯತೆ (ಒಂದು ಸುಳಿವು ಸಿಕ್ಕ ಮೇಲೆ ಒಂದು ಘಟನೆ ನಡೆಯುವ ಸಂಭವನೀಯತೆ) ಎಂದ ಕೂಡಲೇ ಸೂತ್ರ ಬರೆದುಬಿಡುತ್ತಾರೆ. ಛೇದದಲ್ಲಿ ಏನು ಬರಬೇಕು ಎಂದು ನೋಡುವುದೇ ಇಲ್ಲ. ಸೂತ್ರ ಆಮೇಲೆ. ಮೊದಲು ಪೆನ್ಸಿಲ್ ಹಿಡಿಯಿರಿ.

ಆಗಬಹುದಾದದ್ದನ್ನೆಲ್ಲ ಬರೆಯಿರಿ. ದಾಳ ಎಸೆದರೆ 1, 2, 3, 4, 5, 6. ಇಷ್ಟು ಸುಲಭ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಗೆಳತಿ ದಾಳ ಎಸೆದು, ಅಂಗೈಯಲ್ಲಿ ಮುಚ್ಚಿಕೊಂಡು, ‘3ಕ್ಕಿಂತ ಜಾಸ್ತಿ ಬಿದ್ದಿದೆ’ ಎಂದಳು ಅಂದುಕೊಳ್ಳಿ. ಅದು ಸಮಸಂಖ್ಯೆ ಆಗಿರುವ ಸಂಭವನೀಯತೆ ಎಷ್ಟು? 1, 2, 3ರ ಮೇಲೆ ಗೀಟು ಎಳೆಯಿರಿ. ಸುಮ್ನೆ ಮನಸ್ಸಿನಲ್ಲಲ್ಲ, ಹಾಳೆಯ ಮೇಲೆ. ಉಳಿದದ್ದು 4, 5, 6. ಛೇದ ಈಗ 6 ಅಲ್ಲ, 3. ಈ ಮೂರರಲ್ಲಿ ಸಮ ಇರುವುದು 4 ಮತ್ತು 6. ಉತ್ತರ 2/3. ಗೀಟು ಎಳೆಯದವರು 2/6 ಬರೆಯುತ್ತಾರೆ. ಅದು ‘ಸಮವೂ ಹೌದು, 3ಕ್ಕಿಂತ ಜಾಸ್ತಿಯೂ ಹೌದು’ ಎಂಬ ಬೇರೆಯೇ ಪ್ರಶ್ನೆಯ ಉತ್ತರ. ಆ 2/6ನ್ನು ‘3ಕ್ಕಿಂತ ಜಾಸ್ತಿ’ ಬೀಳುವ ಸಂಭವನೀಯತೆಯಾದ 3/6ರಿಂದ ಭಾಗಿಸಿದರೆ 2/3. ಸೂತ್ರ ಮಾಡುವುದೂ ಇಷ್ಟನ್ನೇ.

ಇನ್ನು ಸ್ವತಂತ್ರ ಘಟನೆಗಳು, ಅಂದರೆ ಒಂದರ ಸುದ್ದಿ ಗೊತ್ತಾದರೂ ಇನ್ನೊಂದರ ಸಂಭವನೀಯತೆ ಬದಲಾಗದವು. ಸುಳಿವು ಸಿಗುವ ಮೊದಲು ಸಮ ಬೀಳುವ ಸಂಭವನೀಯತೆ 1/2 ಇತ್ತು. ಸಿಕ್ಕ ಮೇಲೆ 2/3 ಆಯಿತು. ಬದಲಾಯಿತು ಅಲ್ವಾ? ಹಾಗಾಗಿ ಇವು ಸ್ವತಂತ್ರವಲ್ಲ. ಈಗ ಸುಳಿವನ್ನು ‘4ಕ್ಕಿಂತ ಜಾಸ್ತಿ’ ಎಂದು ಬದಲಿಸಿ. ಉಳಿಯುವುದು 5 ಮತ್ತು 6. ಸಮ ಒಂದೇ, ಅಂದರೆ 1/2. ಮೊದಲಿನಷ್ಟೇ! ಇವು ಸ್ವತಂತ್ರ. ‘ಎರಡು ದಾಳ ಇದ್ದರೆ ಮಾತ್ರ ಸ್ವತಂತ್ರ’ ಎಂದು ಬಾಯಿಪಾಠ ಮಾಡಿಸುವ ಗೈಡ್ ನಿಮ್ಮಲ್ಲಿದ್ದರೆ ದಯವಿಟ್ಟು ಎತ್ತಿಡಿ. ಇಲ್ಲಿ ಒಂದೇ ದಾಳ, ಒಂದೇ ಎಸೆತ.

ಒಟ್ಟಿಗೆ ಆಗಲಾರದ ಘಟನೆಗಳನ್ನೂ ಸ್ವತಂತ್ರ ಎಂದುಕೊಳ್ಳುವವರು ಬಹಳ. ಸಮ, ಬೆಸ ಎರಡೂ ಒಟ್ಟಿಗೆ ಬೀಳಲಾರವು, ನಿಜ. ಆದರೆ ಬೆಸ ಬಿದ್ದಿದೆ ಎಂದು ಗೊತ್ತಾದ ಕ್ಷಣವೇ ಸಮದ ಸಂಭವನೀಯತೆ 1/2ರಿಂದ ಸೊನ್ನೆಗೆ ಇಳಿಯುತ್ತದೆ. ಒಂದರ ಸುದ್ದಿ ಇನ್ನೊಂದನ್ನು ಪೂರ್ತಿ ಅಳಿಸುವಾಗ ಅವು ಸ್ವತಂತ್ರ ಹೇಗಾದಾವು?

ಕೊನೆಗೆ ಗುಣಾಕಾರ. 52 ಇಸ್ಪೀಟು ಎಲೆಗಳಿಂದ ಎರಡು ಎಲೆ ಎಳೆದರೆ ಎರಡೂ ರಾಜ ಆಗಿರುವ ಸಂಭವನೀಯತೆ ಎಷ್ಟು? ಪ್ರಶ್ನೆಯಲ್ಲಿ ‘ವಾಪಸ್ ಇಡದೆ’ ಎಂದಿದೆಯೇ ನೋಡಿ, ಇದ್ದರೆ ಸುತ್ತು ಹಾಕಿ. ಮೊದಲ ರಾಜ ಹೊರಬಂದ ಮೇಲೆ ಉಳಿದ 51ರಲ್ಲಿ ರಾಜರು 3. ಹಾಗಾಗಿ 4/52 × 3/51, ಅಂದರೆ 1/221. ವಾಪಸ್ ಇಟ್ಟು, ಕಲಸಿ ಎಳೆದರೆ 4/52 × 4/52, ಅಂದರೆ 1/169.