ಹಳೆಯ ಕಟ್ಟಡವನ್ನು ಓದುವ ಬಗೆ: ಕಲಬುರಗಿಯಿಂದ ಬೀದರ್‌ವರೆಗೆ

ಹಳೆಯ ಕಟ್ಟಡದ ಮುಂದೆ ನಿಂತಾಗ ಫಲಕ ಓದುವ ಅವಸರ ಬೇಡ. ಮೊದಲು ಗೋಡೆಯ ಕಲ್ಲನ್ನು ನೋಡಿ. ಕಲಬುರಗಿ ಕೋಟೆ ಕಪ್ಪು ಕಲ್ಲಿನದು, ಬೀದರ್ ಕೋಟೆಯಲ್ಲಿ ಕೆಂಪು ಜಂಬಿಟ್ಟಿಗೆ ಎದ್ದು ಕಾಣುತ್ತದೆ. ಅರಸ ಎಲ್ಲಿಂದಲೇ ಬಂದಿರಲಿ, ಗೋಡೆಗೆ ಬೇಕಾದದ್ದನ್ನು ಈ ನೆಲವೇ ಕೊಟ್ಟಿದೆ.

ಆಮೇಲೆ ಒಂದೇ ಬಗೆಯ ಎರಡು ಕಟ್ಟಡಗಳನ್ನು ಹೋಲಿಸಿ. ಇದಕ್ಕೆ ಕಲಬುರಗಿಯ ಗೋರಿಗಳಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. 1347ರಲ್ಲಿ ದೆಹಲಿಯ ತುಘಲಕರ ಹಿಡಿತದಿಂದ ಬಿಡಿಸಿಕೊಂಡು ಬಹಮನಿ ರಾಜ್ಯ ಕಟ್ಟಿದ ಹಸನನ ಗೋರಿ ಕೋಟೆಯ ಸಮೀಪದಲ್ಲಿದೆ. ಅದರ ಗೋಡೆಗಳು ಒಳಕ್ಕೆ ವಾಲಿವೆ, ಗುಮ್ಮಟ ತಗ್ಗಾಗಿದೆ, ಅಲಂಕಾರ ಕಡಿಮೆ. ದೆಹಲಿಯನ್ನು ಧಿಕ್ಕರಿಸಿದವರು ಕಟ್ಟುವಾಗ ದೆಹಲಿಯ ಮಾದರಿಯನ್ನೇ ಹಿಡಿದರು. ಅಲ್ಲಿಂದ ಬಹಮನಿ ಅರಸುಮನೆತನದ ಗೋರಿಗಳಿರುವ ಹಫ್ತ್ ಗುಂಬಜ್‌ಗೆ ಹೋಗಿ 1422ರಲ್ಲಿ ತೀರಿಕೊಂಡ ಸುಲ್ತಾನ ಫಿರೋಜ್ ಷಾನ ಗೋರಿಯನ್ನು ಸುತ್ತಿದರೆ, ದೇಗುಲದಲ್ಲಿ ಕಂಡಂತಹ ಕೆತ್ತನೆಯ ಬೋದಿಗೆಗಳು (ಗೋಡೆಯಿಂದ ಚಾಚಿದ ಆಧಾರದ ಕಲ್ಲುಗಳು) ಛಜ್ಜಾವನ್ನು, ಅಂದರೆ ಹೊರಚಾಚಿದ ಸೂರನ್ನು, ಹೊತ್ತಿರುವುದು ಕಾಣುತ್ತದೆ. ಮುಕ್ಕಾಲು ಶತಮಾನದಲ್ಲಿ ಇಲ್ಲಿನ ಕಲ್ಲುಕುಟಿಗನ ಕೈ ಅರಸನ ಗೋರಿಯನ್ನೂ ತಲುಪಿತ್ತು.

ಕೋಟೆಯೊಳಗಿನ 1367ರ ಜಾಮಿ ಮಸೀದಿಯಲ್ಲಿ, ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಹುಡುಕಿ: ವಾಡಿಕೆಯ ಬಯಲು ಅಂಗಳ ಅಲ್ಲಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು ಹೊದಿಸಲಾಗಿದೆ. ಇದನ್ನು ಸ್ಪೇನಿನ ಕಾರ್ಡೋಬಾದ ಮಸೀದಿಗೆ ಹೋಲಿಸುವ ರೂಢಿಯಿದೆಯಾದರೂ, ನನ್ನ ಮಟ್ಟಿಗೆ ಆ ಹೋಲಿಕೆ ಕಣ್ಣನ್ನು ಕಟ್ಟಡದಿಂದ ಆಚೆಗೆ ಸೆಳೆಯುತ್ತದೆ.

ಬೀದರ್‌ನಲ್ಲಿ ಮಹಮೂದ್ ಗವಾನನ ಮದರಸಾಗೆ ಹೆಚ್ಚು ಸಮಯ ಕೊಡಿ. ಪರ್ಷಿಯಾದ ಗೀಲಾನಿನಿಂದ ಬಂದು ಬಹಮನಿಗಳ ಪ್ರಧಾನಮಂತ್ರಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಈ ಮೂರಂತಸ್ತಿನ ವಿದ್ಯಾಲಯದಲ್ಲಿ ನಡು ಅಂಗಳ, ಎತ್ತರದ ಕಮಾನು, ಬಣ್ಣದ ಹೆಂಚುಗಳ ಮೇಲಿನ ಅಕ್ಷರಗಳು, ಎಲ್ಲವೂ ಅವನ ತವರಿನವು. ಫಿರೋಜನ ಗೋರಿಯಲ್ಲಿ ಕಂಡ ಬೋದಿಗೆಗೆ ಇಲ್ಲಿ ಎಡೆಯಿಲ್ಲ. ಆಸ್ಥಾನದಲ್ಲಿ ಹೊರನಾಡಿನಿಂದ ಬಂದ ಅಮೀರರಿಗೂ ಇಲ್ಲಿಯವರೇ ಆದ ದಖ್ಖನಿ ಅಮೀರರಿಗೂ ನಡೆಯುತ್ತಿದ್ದ ಪೈಪೋಟಿಯನ್ನು ನೆನೆದು ನೋಡಿದರೆ ಈ ಗೋಡೆ ಬರಿಯ ಸೊಬಗಾಗಿ ಉಳಿಯುವುದಿಲ್ಲ. 1481ರಲ್ಲಿ ವಿರೋಧಿಗಳ ಸಂಚಿನಿಂದ ಗವಾನನಿಗೆ ಮರಣದಂಡನೆಯಾಯಿತು.

ಗಾಯಗಳನ್ನೂ ಓದಬೇಕು. ಮದರಸಾದ ಮುಂಭಾಗದ ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ; ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸಿಡಿದು ಕಟ್ಟಡದ ಒಂದು ಪಾಲು ನೆಲಕ್ಕುರುಳಿತು. ಪಾಠ ನಡೆದ ಕೋಣೆಗಳಲ್ಲಿ ಮದ್ದು ತುಂಬಿದ್ದೇ ಆ ಕಾಲದ ಕುರಿತು ಸಾಕಷ್ಟು ಹೇಳುತ್ತದೆ.

ಕೊನೆಗೆ ಬೀದರ್ ಬಳಿಯ ಅಷ್ಟೂರಿಗೆ ಹೋಗಿ. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಸುಲ್ತಾನ ಅಹಮದ್ ಷಾ ವಲಿಯ ಗೋರಿಯೊಳಗೆ ಬೆಳಕು ಕಡಿಮೆ. ಕಣ್ಣು ಹೊಂದಿಕೊಳ್ಳುವವರೆಗೆ ನಿಂತರೆ ಗುಮ್ಮಟದ ಬಣ್ಣದ ಚಿತ್ತಾರ ಮೆಲ್ಲಗೆ ತೆರೆದುಕೊಳ್ಳುತ್ತದೆ. ಸಾಧ್ಯವಾದರೆ ವಾರ್ಷಿಕ ಉರುಸಿನ ಹೊತ್ತಿಗೇ ಬನ್ನಿ: ಈ ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಾಣುವ ಭಕ್ತರೂ ಅಲ್ಲಿಗೆ ಬರುತ್ತಾರೆ, ಲಿಂಗಾಯತ ಜಂಗಮರು ಮೆರವಣಿಗೆಯಲ್ಲಿ ಬಂದು ಆಚರಣೆ ನಡೆಸುತ್ತಾರೆ.