ಮಾತಿನ ಎಡಿಟಿಂಗ್: ಕೇಳಿದ್ದನ್ನೇ ಮತ್ತೆ ಮತ್ತೆ ಕೇಳದಿರಲು ನಾನು ಮಾಡಿಕೊಂಡಿದ್ದು

ನಾನು ಎಡಿಟ್ ಮಾಡುವುದು ಬರೀ ಮಾತು. ಆಡಿಯೊ ಪುಸ್ತಕ, ಸಂದರ್ಶನ, ಪಾಡ್‌ಕಾಸ್ಟ್. ಹಾಡಿನ ಮಿಕ್ಸಿಂಗ್ ಬೇರೆಯೇ ವಿದ್ಯೆ, ಅದರ ತಂಟೆಗೆ ನಾನು ಹೋಗುವುದಿಲ್ಲ.

ಎಡಿಟಿಂಗ್ ಬೇಗ ಮುಗಿಸುವುದು ಹೇಗೆ ಎಂದು ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಯಾವುದೋ ಒಂದು ಪ್ಲಗಿನ್‌ ಹೆಸರು. ಆದರೆ ಸಮಯ ಸೋರುವುದು ಅಲ್ಲಿ ಅಲ್ಲ, ಕೇಳುವುದರಲ್ಲಿ. ಒಂದು ಗಂಟೆಯ ರೆಕಾರ್ಡಿಂಗ್ ಕೇಳಲು ಒಂದು ಗಂಟೆ ಬೇಕೇ ಬೇಕು. ತಪ್ಪು ಹುಡುಕಲು ಒಮ್ಮೆ, ಕತ್ತರಿಸಲು ಒಮ್ಮೆ, ಸರಿಯಾಯಿತೇ ಎಂದು ನೋಡಲು ಇನ್ನೊಮ್ಮೆ. ಹೊಸ ಕಂಪ್ಯೂಟರ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಕೇಳುವ ಸಲಗಳನ್ನು ಹೇಗೆ ಕಡಿಮೆ ಮಾಡಬಹುದು ಅನ್ನುವುದರ ಮೇಲೆಯೇ ನನ್ನ ಕ್ರಮವನ್ನೆಲ್ಲ ಕಟ್ಟಿಕೊಂಡೆ.

ಅರ್ಧ ಕೆಲಸ ರೆಕಾರ್ಡಿಂಗ್ ಹೊತ್ತಿನಲ್ಲೇ ಆಗುತ್ತದೆ. ಓದುವವರು ತಡವರಿಸಿದ ಕೂಡಲೇ ನಾನೊಂದು ಗುರುತು ಹಾಕುತ್ತೇನೆ. ರೀಪರ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಆಗುತ್ತಿರುವಾಗಲೇ ಎಂ ಕೀ ಒತ್ತಿದರೆ ಮಾರ್ಕರ್ ಬೀಳುತ್ತದೆ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ಕಂಟ್ರೋಲ್ ಜೊತೆ ಎಂ ಒತ್ತಿದರೆ ಲೇಬಲ್. ಓದುವವರು ಒಬ್ಬರೇ ಕೂತು ರೆಕಾರ್ಡ್ ಮಾಡುತ್ತಿದ್ದರೆ ಚಪ್ಪಾಳೆ ಸಾಕು. ತಪ್ಪಾದರೆ ನಿಲ್ಲಿಸಿ, ಒಂದು ಚಪ್ಪಾಳೆ ತಟ್ಟಿ, ಒಂದು ಕ್ಷಣ ಸುಮ್ಮನಿದ್ದು, ವಾಕ್ಯವನ್ನು ಮೊದಲಿನಿಂದ ಓದಿ ಎಂದು ಹೇಳಿರುತ್ತೇನೆ. ಸದ್ದನ್ನು ಚಿತ್ರವಾಗಿ ತೋರಿಸುವ ವೇವ್‌ಫಾರ್ಮ್‌ನಲ್ಲಿ ಚಪ್ಪಾಳೆ ಚೂಪಾದ ಗೆರೆಯಾಗಿ ಎದ್ದು ಕಾಣುತ್ತದೆ. ತಪ್ಪು ಎಲ್ಲಿದೆ ಎಂದು ಕಿವಿಯಿಂದ ಹುಡುಕುವ ಕೆಲಸವೇ ಇಲ್ಲ, ಕಣ್ಣಿಗೇ ಸಿಗುತ್ತದೆ. ‘ವಾಕ್ಯದ ಮೊದಲಿನಿಂದ’ ಅನ್ನುವುದನ್ನು ಮಾತ್ರ ಒತ್ತಿ ಹೇಳಬೇಕು. ಪದದ ನಡುವಿನಿಂದ ಮತ್ತೆ ಶುರು ಮಾಡಿದರೆ ದನಿಯ ಏರಿಳಿತ ಹೊಂದುವುದಿಲ್ಲ. ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ಕೂಡಿಸಿಕೊಡದು.

ಆಡಿಯೊ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಪಂಚ್ ಆಂಡ್ ರೋಲ್. ತಪ್ಪಾದ ಜಾಗಕ್ಕಿಂತ ಸ್ವಲ್ಪ ಹಿಂದೆ ಹೋಗಿ ಪ್ಲೇ ಮಾಡುವುದು, ಓದುವವರು ತಮ್ಮದೇ ದನಿ ಕೇಳಿಸಿಕೊಳ್ಳುವುದು, ಸರಿಯಾದ ಜಾಗದಲ್ಲಿ ರೆಕಾರ್ಡಿಂಗ್ ತಾನಾಗಿ ಶುರುವಾಗುವುದು. ಅಧ್ಯಾಯ ಮುಗಿಯುವ ಹೊತ್ತಿಗೆ ಹೆಚ್ಚಿನ ತಪ್ಪುಗಳು ಆಗಲೇ ಹೋಗಿರುತ್ತವೆ. ಸಂದರ್ಶನಕ್ಕೆ ಇದು ನಡೆಯುವುದಿಲ್ಲ, ಬಿಡಿ.

ಇನ್ನೊಂದು, ಮಾತು ಶುರುವಾಗುವ ಮುಂಚೆ ಅರ್ಧ ನಿಮಿಷ ಯಾರೂ ಉಸಿರೆತ್ತದೆ ಕೂರಬೇಕು. ಕೋಣೆಯ ಆ ಖಾಲಿ ಸದ್ದು ನನಗೆ ಬೇಕು. ಮಧ್ಯದಲ್ಲಿ ಬಿಡುವು ತುಂಬಲು ಪೂರ್ತಿ ನಿಶ್ಶಬ್ದ ಹಾಕಿದರೆ ಫೋನ್ ಕಟ್ ಆದ ಹಾಗೆ ಕೇಳಿಸುತ್ತದೆ.

ಪ್ರತಿ ಹೊಸ ಕೆಲಸಕ್ಕೂ ಸಿದ್ಧವಾಗಿಟ್ಟುಕೊಳ್ಳುವ ಪ್ರಾಜೆಕ್ಟ್ ಟೆಂಪ್ಲೇಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ಟ್ರ್ಯಾಕ್‌ಗಳು, 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯುವ ಫಿಲ್ಟರ್, ಜೋರು ಮತ್ತು ಮೆಲ್ಲನೆಯ ದನಿಯ ಅಂತರ ತಗ್ಗಿಸುವ ಹದವಾದ ಕಂಪ್ರೆಸರ್, ಕೊನೆಗೆ ಸದ್ದು ಮಿತಿ ಮೀರದಂತೆ ತಡೆಯುವ ಒಂದು ಲಿಮಿಟರ್. ರೆಕಾರ್ಡಿಂಗ್‌ನ ಗುಣಮಟ್ಟಕ್ಕೆ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, 24 ಬಿಟ್. ಒಮ್ಮೆ ಮಾಡಿಟ್ಟರೆ ಮುಗಿಯಿತು.

ಇನ್ನು ಕತ್ತರಿಸುವ ಕೆಲಸ. ಮೌಸ್‌ನಿಂದ ಜಾಗ ಆರಿಸಿ, ಡಿಲೀಟ್ ಮಾಡಿ, ಬಲಗಡೆಯದನ್ನು ಎಳೆದು ತಂದು ಅಂಟಿಸುವುದು ಎಲ್ಲರೂ ಕಲಿಯುವ ಮೊದಲ ವಿಧಾನ. ಅದರಲ್ಲಿ ಪ್ರತಿ ತಪ್ಪಿಗೂ ಪ್ಲೇ ನಿಲ್ಲುತ್ತದೆ, ಕೈ ಕೀಬೋರ್ಡ್‌ನಿಂದ ಮೌಸ್‌ಗೆ ಹೋಗಿ ಬರುತ್ತದೆ, ಅಷ್ಟರಲ್ಲಿ ಮಾತಿನ ಲಯವೇ ಕಿವಿಯಿಂದ ಜಾರಿಹೋಗಿರುತ್ತದೆ. ಆಗ ಮತ್ತೆ ಹಿಂದಿನಿಂದ ಕೇಳಬೇಕಾಗುತ್ತದೆ.

ನಾನು ಎಡಗೈಗೆ ಮೂರು ಕೀಗಳನ್ನು ಕೊಟ್ಟಿದ್ದೇನೆ. ಮೊದಲನೆಯದು ಆಯ್ಕೆಯ ಆರಂಭ ಗುರುತಿಸುತ್ತದೆ, ಎರಡನೆಯದು ಕೊನೆ. ಇವೆರಡನ್ನೂ ಪ್ಲೇ ಆಗುತ್ತಿರುವಾಗಲೇ ಒತ್ತಬಹುದು. ಮೂರನೆಯದು ನಾನೇ ಕಟ್ಟಿಕೊಂಡ ಕಸ್ಟಮ್ ಆಕ್ಷನ್. ಆರಿಸಿದ ಭಾಗ ತೆಗೆ, ಮುಂದಿನದನ್ನೆಲ್ಲ ಹಿಂದಕ್ಕೆ ಸರಿಸು, ಕರ್ಸರನ್ನು ಸ್ವಲ್ಪ ಹಿಂದೆ ಒಯ್ಯಿ, ಪ್ಲೇ ಮಾಡು. ಕಟ್ ಮಾಡಿದ ಕೂಡಲೇ ಆ ಜೋಡಣೆ ಕಿವಿಗೆ ಬೀಳುತ್ತದೆ. ಸರಿಯಿದ್ದರೆ ಹಾಗೇ ಮುಂದಕ್ಕೆ, ಇಲ್ಲದಿದ್ದರೆ ಅನ್‌ಡು. ತಪಾಸಣೆಗೆಂದು ಇನ್ನೊಂದು ಸುತ್ತು ಕೇಳುವುದು ಇಲ್ಲಿಗೇ ತಪ್ಪಿತು. ರೀಪರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಆಕ್ಷನ್‌ಗಳ ಪಟ್ಟಿ ತೆರೆಯುತ್ತದೆ, ಬೇಕಾದ್ದನ್ನು ಸಾಲಾಗಿ ಪೋಣಿಸಿ ಒಂದು ಕೀಗೆ ಕೊಡಬಹುದು. ನೂರಾರು ಶಾರ್ಟ್‌ಕಟ್ ಬಾಯಿಪಾಠ ಮಾಡುವ ಅಗತ್ಯವಿಲ್ಲ. ದಿನವಿಡೀ ಮಾಡುವ ಕೆಲಸ ಯಾವುದೋ ಅದಕ್ಕಷ್ಟೇ ಕೀ ಸಾಕು.

ಮುಂದಿನದು ತಾನಾಗಿ ಸರಿಯುವುದಕ್ಕೆ ರಿಪಲ್ ಎಡಿಟಿಂಗ್ ಅನ್ನುತ್ತಾರೆ. ಸಂದರ್ಶನದಲ್ಲಿ ಇಬ್ಬರಿಗೂ ಬೇರೆ ಬೇರೆ ಟ್ರ್ಯಾಕ್ ಇರುತ್ತದಲ್ವಾ, ಅಲ್ಲಿ ಎಲ್ಲ ಟ್ರ್ಯಾಕ್‌ಗಳಿಗೂ ಸೇರಿದ ರಿಪಲ್ ಹಾಕಿಕೊಳ್ಳಿ. ಒಂದೇ ಟ್ರ್ಯಾಕ್ ಸರಿದರೆ ಪ್ರಶ್ನೆಗೆ ಮುಂಚೆಯೇ ಉತ್ತರ ಬಂದುಬಿಡುತ್ತದೆ.

ಎಲ್ಲಿ ಕತ್ತರಿಸಬೇಕು ಅನ್ನುವುದು ಗೊತ್ತಿದ್ದರೆ ಅನ್‌ಡು ಒತ್ತುವುದು ತುಂಬ ಕಡಿಮೆಯಾಗುತ್ತದೆ. ವಾಕ್ಯಗಳ ನಡುವೆಯಾದರೆ, ಮತ್ತೆ ಓದಿದ ವಾಕ್ಯದ ಮುಂಚಿನ ಉಸಿರನ್ನು ಉಳಿಸಿ ಅದಕ್ಕೂ ಮುಂಚೆ ಕತ್ತರಿಸುತ್ತೇನೆ. ಉಸಿರು ಅದರ ನಂತರ ಬರುವ ಮಾತಿಗೆ ಸೇರಿದ್ದು. ವಾಕ್ಯದ ಒಳಗೆಯಾದರೆ ಕ, ಚ, ಟ, ತ, ಪ ಹುಡುಕುತ್ತೇನೆ. ಇವುಗಳ ಮುಂಚೆ ಗಾಳಿ ಒಂದು ಕ್ಷಣ ತಡೆದಿರುತ್ತದೆ, ವೇವ್‌ಫಾರ್ಮ್ ಹೆಚ್ಚು ಕಡಿಮೆ ಚಪ್ಪಟೆ. ಒತ್ತಕ್ಷರವಾದರೆ ಇನ್ನೂ ಅನುಕೂಲ. ‘ಹತ್ತು’, ‘ಅಕ್ಕ’ ಅನ್ನುವಾಗ ನಡುವೆ ಬರುವ ಮೌನ ಸಾಕಷ್ಟು ಉದ್ದವಿರುತ್ತದೆ. ಸ್ವರದ ನಡುವೆ ಅಥವಾ ಮ, ನ, ಲ ಗಳ ನಡುವೆ ಕತ್ತರಿ ಹಾಕಿದರೆ ಬಹಳ ಸಲ ಜೋಡಣೆ ಕೇಳಿಸಿಬಿಡುತ್ತದೆ. ಪ್ರತಿ ಜೋಡಣೆಗೂ 5ರಿಂದ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ತುಣುಕು ಕರಗುತ್ತ ಇನ್ನೊಂದು ಏರುವುದು) ತಾನಾಗಿ ಬೀಳುವಂತೆ ಸೆಟ್ ಮಾಡಿದ್ದೇನೆ. ಟಿಕ್ ಸದ್ದಿನ ಕಾಟ ಅಲ್ಲಿಗೆ ಮುಗಿಯಿತು.

ಮೌನವನ್ನು ತಾನಾಗಿ ಕತ್ತರಿಸುವ ಸೌಲಭ್ಯ ಇಷ್ಟೊಂದು ಇರುವಾಗ ಇದೆಲ್ಲ ಯಾಕೆ ಅನ್ನಬಹುದು. ಉದ್ದುದ್ದ ವಿರಾಮ ಇರುವ ಸಂದರ್ಶನಕ್ಕೆ ನಾನೂ ಬಳಸುತ್ತೇನೆ, ಒಂದು ಸೆಕೆಂಡ್ ಮೀರಿದ ಮೌನಕ್ಕೆ ಮಾತ್ರ. ಮಿತಿಯನ್ನು ತೀರಾ ಕೆಳಗೆ ಇಳಿಸಿದರೆ ಒತ್ತಕ್ಷರದ ಮೌನವನ್ನೂ ಅದು ನುಂಗುತ್ತದೆ. ಆಗ ಹತ್ತು ಹೋಗಿ ಹತು ಆಗುತ್ತದೆ. ಕಥೆ ಓದಿದ ರೆಕಾರ್ಡಿಂಗ್‌ಗಂತೂ ಹತ್ತಿರವೂ ತರುವುದಿಲ್ಲ, ಅಲ್ಲಿ ವಿರಾಮವೂ ಓದಿನ ಭಾಗವೇ.

ವೇಗ ಹೆಚ್ಚಿಸಿ ಕೇಳುವುದು ಒಂದೇ ಸಂದರ್ಭದಲ್ಲಿ. ಉದ್ದದ ಸಂದರ್ಶನದಲ್ಲಿ ಯಾವ ಭಾಗ ಇರಲಿ, ಯಾವುದು ಹೋಗಲಿ ಎಂದು ತೀರ್ಮಾನಿಸುವಾಗ ಒಂದೂವರೆ ಪಟ್ಟು ವೇಗ, ಸ್ಥಾಯಿ ಬದಲಾಗದಂತೆ. ಕತ್ತರಿಸುವಾಗ ಮಾಮೂಲಿ ವೇಗವೇ ಬೇಕು. ವೇಗದಲ್ಲಿ ಚೆನ್ನಾಗಿ ಕೇಳಿಸಿದ ವಿರಾಮ ನಿಜವಾದ ವೇಗದಲ್ಲಿ ಎಳೆದಂತಿರುತ್ತದೆ.

ಮುಗಿದ ಫೈಲುಗಳನ್ನು ಹೊರತೆಗೆಯುವ ಭಾಗ ಸುಲಭ. ಪ್ರತಿ ಅಧ್ಯಾಯಕ್ಕೂ ಒಂದು ರೀಜನ್ (ಗುರುತು ಹಾಕಿದ ಭಾಗ) ಮಾಡಿ ಹೆಸರಿಟ್ಟರೆ ಅದೇ ಹೆಸರಿನ ಫೈಲುಗಳು ಒಂದೇ ಸಲಕ್ಕೆ ಹೊರಬರುತ್ತವೆ. ಪಾಡ್‌ಕಾಸ್ಟ್‌ಗೆ ಆಪಲ್ ಸೂಚಿಸುವ ಮಟ್ಟ ಸುಮಾರು ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂದು ಅಳೆಯುವ ಮಾನ). ಆಡಿಯೊ ಪುಸ್ತಕಕ್ಕೆ ಆಡಿಬಲ್‌ಗೆ ಪುಸ್ತಕ ಕಳಿಸುವ ತಾಣ ಎಸಿಎಕ್ಸ್ ಕೇಳುವುದು ಆರ್‌ಎಂಎಸ್, ಅಂದರೆ ಸರಾಸರಿ ಮಟ್ಟ, ಮೈನಸ್ 23ರಿಂದ ಮೈನಸ್ 18 ಡಿಬಿ, ಪೀಕ್, ಅಂದರೆ ಅತಿ ಜೋರಾದ ಕ್ಷಣ, ಮೈನಸ್ 3 ಮೀರಬಾರದು, ಹಿನ್ನೆಲೆ ಸದ್ದು ಮೈನಸ್ 60ಕ್ಕಿಂತ ಕೆಳಗಿರಬೇಕು. ರೀಪರ್‌ನ ಡ್ರೈ ರನ್ ಫೈಲ್ ಬರೆಯದೆಯೇ ಮಟ್ಟಗಳನ್ನು ತೋರಿಸುತ್ತದೆ. ನಾಳೆ ಫೈಲ್ ವಾಪಸ್ ಬರುವ ಬದಲು ಇವತ್ತೇ ಗೊತ್ತಾಗಲಿ.

ಈಗಲೂ ಹೊತ್ತು ತಿನ್ನುವುದು ಒಂದೇ, ವಾರಗಳ ನಂತರ ಮತ್ತೆ ಓದಿಸಬೇಕಾದ ಬಿಡಿ ವಾಕ್ಯಗಳು. ಅದಕ್ಕಾಗಿ ಮೈಕ್ ಯಾವುದು, ಬಾಯಿಂದ ಎಷ್ಟು ದೂರ, ಗೇನ್ (ಮೈಕ್‌ನ ಸದ್ದನ್ನು ಹೆಚ್ಚಿಸುವ ಮಟ್ಟ) ಎಷ್ಟಿತ್ತು ಎಂದು ಪ್ರಾಜೆಕ್ಟ್ ನೋಟ್ಸ್‌ನಲ್ಲಿ ಬರೆದಿಡುತ್ತೇನೆ. ಓದುವವರಿಗೆ ಹಳೆಯ ರೆಕಾರ್ಡಿಂಗ್‌ನ ಹಿಂದಿನ ಎರಡು ವಾಕ್ಯ ಕೇಳಿಸಿ, ಅವನ್ನೂ ಸೇರಿಸಿ ಓದಿಸುತ್ತೇನೆ. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ದನಿ ಸಾಮಾನ್ಯವಾಗಿ ಹಳೆಯದರ ಹತ್ತಿರ ಬಂದಿರುತ್ತದೆ. ಬರದಿದ್ದರೆ ಪೂರ್ತಿ ಪ್ಯಾರಾ ಮತ್ತೆ ಓದಿಸಿ ಹೊಸದಾಗಿ ಹಾಕುತ್ತೇನೆ. ಈಕ್ವಲೈಸರ್ ತಿರುಗಿಸುತ್ತ ಕೂರುವುದಕ್ಕಿಂತ ಅದೇ ಬೇಗ ಮುಗಿಯುತ್ತದೆ.